ಮೇಸ್ತ್ರಿ ಇಲ್ಲದ ಆಲ್ಬಮ್

ಆ ಬ್ಯಾಂಡಿಗೆ ‘ಹಳೇ ಕಬ್ಬಿಣ’ ಎಂದು ಹೆಸರಿಟ್ಟವರು ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು. ಮೇಲಿನ ಕೋಣೆಯಲ್ಲಿ ಅಭ್ಯಾಸ ಶುರುವಾದಾಗಲೆಲ್ಲ ಗಿರಾಕಿಗಳು ಗಾಬರಿಯಿಂದ ತಲೆಯೆತ್ತುತ್ತಿದ್ದರು. “ಏನಿಲ್ಲ, ಹಳೇ ಕಬ್ಬಿಣ ಕುಟ್ತಿದಾರೆ” ಎಂದು ಅಂಗಡಿಯವರು ಸಮಾಧಾನ ಹೇಳುತ್ತಿದ್ದರು. ಬೈಗುಳವೇ ಹೆಸರಾಗಿ ನಿಂತಿತು. ಹೆಸರು ನಿಂತಷ್ಟು ಗಟ್ಟಿಯಾಗಿ ಜನ ನಿಲ್ಲಲಿಲ್ಲ. ಮೊದಲ ಹಾಡುಗಾರ ಮದುವೆಯಾಗಿ ಬೇರೆ ಊರು ಸೇರಿದ, ಪಿಟೀಲಿನವನು ಜಗಳವಾಡಿ ಹೋದ, ಬೇಸ್ ಗಿಟಾರಿನವಳು ಒಂದು ಮಾತೂ ಹೇಳದೆ ಬರುವುದನ್ನು ನಿಲ್ಲಿಸಿದಳು. ಶುರುವಿನಿಂದ ಉಳಿದವರು ಇಬ್ಬರೇ: ಗಿಟಾರು ನುಡಿಸುತ್ತ ಹಾಡುವ ಗುಂಗುರು, ಡ್ರಮ್ಸ್ ಬಾರಿಸುವ ಮೇಸ್ತ್ರಿ.

ಗುಂಗುರು ಹಗಲಲ್ಲಿ ಕ್ಷೌರದಂಗಡಿ ನಡೆಸುತ್ತಿದ್ದ. ಮೇಸ್ತ್ರಿ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಯಾರು ಎಲ್ಲಿ ತಪ್ಪಿದರೂ ತಾಳದಿಂದಲೇ ಗದರಿಸಿ ದಾರಿಗೆ ತರುತ್ತಿದ್ದುದಕ್ಕೆ ಅವನಿಗೆ ಆ ಅಡ್ಡಹೆಸರು. ಅವನ ಹೆಂಡತಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಕೀಬೋರ್ಡಿನವನು ಕೈಕೊಟ್ಟಾಗ ಒಂದು ಕಾರ್ಯಕ್ರಮದ ಮಟ್ಟಿಗೆ ಎಂದು ಬಂದವಳು ಅಲ್ಲೇ ಉಳಿದುಬಿಟ್ಟಿದ್ದಳು.

ಯಾವ ಕಂಪನಿಯೂ ತಮ್ಮ ಹಾಡುಗಳನ್ನು ಕೇಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವರೇ ಆಲ್ಬಮ್ ಮಾಡಲು ಹೊರಟರು. ಕೋಣೆಯ ಗೋಡೆಗೆಲ್ಲ ಹಾಸಿಗೆ, ಕಂಬಳಿ ತೂಗುಹಾಕಿ ರೆಕಾರ್ಡಿಂಗ್ ಶುರುಮಾಡಿದರು. ಅಷ್ಟರಲ್ಲಿ ಮೇಸ್ತ್ರಿಯ ಬಲಗೈ ಮಣಿಕಟ್ಟು ಕೆಟ್ಟಿತ್ತು. ಚಕ್ರದ ನಟ್ಟು ತಿರುವಿ ತಿರುವಿ ಸವೆದ ಕೈ. ಹಾಡು ಅರ್ಧಕ್ಕೆ ಬರುವಾಗ ಅವನ ಲಯ ಜಗ್ಗುತ್ತಿತ್ತು. ಅವನಿಗೆ ಮಾತ್ರ ಉಳಿದವರು ಓಡುತ್ತಿರುವಂತೆ ಕೇಳಿಸುತ್ತಿತ್ತು.

“ನಿಮಗೇನು ಕೊನೇ ಬಸ್ ತಪ್ಪಿಹೋಗುತ್ತೇನ್ರೋ?” ಎಂದು ರೇಗುತ್ತಿದ್ದ. ಎಲ್ಲರೂ ನೆಲ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಗುಂಗುರು ಮೇಸ್ತ್ರಿಯ ಹೆಂಡತಿಯ ಲ್ಯಾಬಿಗೇ ಬಂದ. ರಕ್ತ ಕೊಡುವವರು ಕೂರುವ ಕುರ್ಚಿಯಲ್ಲಿ ಕೂತ.

“ಕಿವಿ ನಿಮಗೂ ಇದೆ ಅತ್ತಿಗೆ. ಹೀಗೇ ಬಿಟ್ರೆ ಆಲ್ಬಮ್ ಎಕ್ಕುಟ್ಟಿಹೋಗುತ್ತೆ.”

“ಅವರಿಗೇ ಹೇಳಿ.”

“ನನಗೆ ಬಾಯಿ ಬರಲ್ಲ. ನಿಮಗೆ ಬರುತ್ತಾ?”

ಅವಳಿಗೂ ಬರುವುದಿಲ್ಲ. ಅದು ಅವನಿಗೆ ಗೊತ್ತಿತ್ತು. ಗುಂಗುರುವಿನ ಅಕ್ಕನ ಮಗಳು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು, ಡ್ರಮ್ಸ್ ಚೆನ್ನಾಗಿ ಬಾರಿಸುತ್ತಿದ್ದಳು. ಮೇಸ್ತ್ರಿ ಗ್ಯಾರೇಜಿನಲ್ಲಿರುವ ಹೊತ್ತು ನೋಡಿ ಅವಳನ್ನು ಕರೆಸಿ ಡ್ರಮ್ಸನ್ನೆಲ್ಲ ಅವಳಿಂದ ಮತ್ತೆ ರೆಕಾರ್ಡ್ ಮಾಡಿಸಿದರು. ತಾಳ ಬದಲಾದ ಮೇಲೆ ಕೀಬೋರ್ಡನ್ನೂ ಮತ್ತೆ ನುಡಿಸಲೇಬೇಕಾಯಿತು. ಕಳ್ಳಿಯಂತೆ ಮೆಟ್ಟಿಲು ಹತ್ತಿದ ಮೇಸ್ತ್ರಿಯ ಹೆಂಡತಿಗೆ ನುಡಿಸತೊಡಗಿದ ಮೇಲೆ ಮೈ ಹಗುರಾಯಿತು. ಯಾರನ್ನೂ ಕಾಯಬೇಕಿಲ್ಲ, ಯಾರನ್ನೂ ಎಳೆಯಬೇಕಿಲ್ಲ, ಬೆರಳು ತಾನಾಗಿ ಹೋಗುತ್ತಿತ್ತು. ಮನೆಗೆ ಬಂದು ಗಂಡನಿಗೆ ಅನ್ನ ಬಡಿಸುವಾಗ ಅವಳನ್ನು ಚುಚ್ಚಿದ್ದು ಆ ಖುಷಿಯೇ.

ಸಿ.ಡಿ.ಗಳು ಬಂದವು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಗುಂಗುರು ದಿನ ತಳ್ಳುತ್ತಲೇ ಇದ್ದ. ಕೊನೆಗೆ ಎಲ್ಲರೂ ಕೂತು ಕೇಳುವ ಸಂಜೆಯೂ ಬಂತು. ಬೇಕರಿಯ ಹುಡುಗಿಯೂ ಬಂದಿದ್ದಳು. ಮೊದಲ ಹಾಡಿಗೆ ಮೇಸ್ತ್ರಿಯ ಕಾಲು ಕುಣಿಯುತ್ತಿತ್ತು. ನೋಡನೋಡುತ್ತಿದ್ದಂತೆ ನಿಂತಿತು. ಅವನು ಸಿ.ಡಿ. ಹೊದಿಕೆಯನ್ನು ಕೈಗೆತ್ತಿಕೊಂಡು ಓದಿದ. ಡ್ರಮ್ಸ್ ಎಂಬುದರ ಮುಂದೆ ಅವನದೇ ಹೆಸರಿತ್ತು.

“ಚೆನ್ನಾಗಿದೆ. ಯಾರು ಬಾರಿಸಿರೋದು?”

ಹುಡುಗಿಯೇ ಹೇಳಿದಳು: “ನಾನೇ ಮೇಸ್ತ್ರಣ್ಣ... ನಿಮಗೆ ಹೇಳಿದಾರೆ ಅಂದ್ಕೊಂಡಿದ್ದೆ.”

“ನಿಂದೇನು ತಪ್ಪಿಲ್ಲಮ್ಮ. ಕೈ ಚೆನ್ನಾಗಿ ಕೂತಿದೆ ನಿಂಗೆ.”

ಮನೆಯಲ್ಲಿ ಅವನು ಬೂಟು ಬಿಚ್ಚುತ್ತ ಹೆಂಡತಿಯನ್ನು ಕೇಳಿದ: “ಕೀಬೋರ್ಡೂ ಹೊಸದಾಗಿ ನುಡಿಸಿದೀಯ. ಯಾವಾಗ?”

“ನೀವು ಗ್ಯಾರೇಜಿಗೆ ಹೋಗಿದ್ದಾಗ.”

“ಇಷ್ಟ ಆಯ್ತಾ?”

ಅವಳು ತಟ್ಟೆ ಹಾಕಲು ಅಡುಗೆಮನೆಗೆ ಹೋದಳು. ಅವನು ಮತ್ತೆ ಕೇಳಲಿಲ್ಲ. ಅಲ್ಲಿಂದ ಮುಂದೆ ಮನೆಯಲ್ಲಿ ಬೇಕಾದಷ್ಟೇ ಮಾತು: ಬಾಗಿಲು ಹಾಕು, ಗ್ಯಾಸ್ ಮುಗಿದಿದೆ.

ಬಿಡುಗಡೆಯ ಕಾರ್ಯಕ್ರಮ ಗ್ರಂಥಾಲಯದ ಸಭಾಂಗಣದಲ್ಲಿತ್ತು. ಡ್ರಮ್ಸ್ ಮುಂದೆ ಹುಡುಗಿ ಕೂತಳು, ಮೇಸ್ತ್ರಿ ಪ್ರೇಕ್ಷಕರ ನಡುವೆ ಕೂತ. ನಾಚಿಕೆ ತಡೆಯಲಾರದೆ ಗುಂಗುರು ಕೊನೆಯ ಹಾಡಿಗೆ ಅವನನ್ನು ವೇದಿಕೆಗೆ ಕರೆದ. ಅವನು ಬೇಡ ಎಂದು ತಲೆಯಾಡಿಸಿದ. ಜನ ಚಪ್ಪಾಳೆ ತಟ್ಟಿದರು. ವಿಧಿಯಿಲ್ಲದೆ ಎದ್ದು ಬಂದ.

ಶುರು ಚೆನ್ನಾಗಿಯೇ ಇತ್ತು. ಅರ್ಧಕ್ಕೆ ಬರುವಾಗ ಕೈ ಸೋತಿತು, ಲಯ ಜಗ್ಗಿತು. ಗುಂಗುರು ಹಾಡನ್ನು ಹಿಡಿದು ಮುಂದಕ್ಕೆ ನಡೆದೇಬಿಟ್ಟ. ನಡುವೆ ಸಿಕ್ಕವಳು ಕೀಬೋರ್ಡಿನ ಮುಂದಿದ್ದ ಹೆಂಡತಿ. ಯಾರ ಜೊತೆ ಹೋಗಬೇಕೆಂದು ಯೋಚಿಸಲು ಹೊತ್ತಿರಲಿಲ್ಲ. ಬೆರಳು ನಿಧಾನ ಮಾಡಿ ಗಂಡನ ಜೊತೆ ನಿಂತಳು. ಹಾಡು ಎರಡು ಹೋಳಾಯಿತು. ಮುಂದಿನ ಸಾಲಿನವರು ಮುಖ ಮುಖ ನೋಡಿಕೊಂಡರು. ಗುಂಗುರು ಕೊನೆಯ ಚರಣ ಬಿಟ್ಟು ಹೇಗೋ ಮುಗಿಸಿದ.

ಕೀಬೋರ್ಡಿನ ಚೀಲವನ್ನು ಆಚೆ ಈಚೆ ಹಿಡಿದುಕೊಂಡು ಇಬ್ಬರೂ ಬಸ್ ನಿಲ್ದಾಣದ ಕಡೆ ನಡೆದರು.

“ಯಾಕೆ ನನ್ನ ಜೊತೆ ಬಂದೆ?” ಎಂದ ಅವನು.

“ಮತ್ತೆ? ಅಷ್ಟು ಜನರ ಮುಂದೆ ಬಿಟ್ಟುಹೋಗ್ಬೇಕಿತ್ತಾ?”

“ಹೌದು. ಹಾಡು ಗುಂಗುರು ಹತ್ರ ಇತ್ತು, ನಿಂಗೆ ಗೊತ್ತಿತ್ತು. ಅವತ್ತು ನನ್ನ ಬೆನ್ನ ಹಿಂದೆ ನಿಜ ನುಡಿಸಿದೆ. ಇವತ್ತು ಎದುರಿಗೆ ಸುಳ್ಳು ನುಡಿಸಿದೆ.”

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ಬಂದವು. “ನಿಮ್ಮ ಕೈ ಹೋಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ ನಾನು?”

“ಈಗ ಹೇಳಿದೆಯಲ್ಲ, ಆ ಬಾಯಲ್ಲೇ.”

ಮರುವಾರ ಅವನು ಡ್ರಮ್ಸ್ ಹುಡುಗಿಗೇ ಇರಲಿ ಎಂದು ಹೇಳಿಕಳಿಸಿದ. ಹೊದಿಕೆಯಲ್ಲಿ ತನ್ನ ಹೆಸರು ತೆಗೆದು ಅವಳ ಹೆಸರು ಹಾಕಿಸಲು ಹಟ ಹಿಡಿದ, ಹಾಕಿಸಿಯೇ ಬಿಟ್ಟ. ಗುಂಗುರು ಮನೆಗೆ ಬಂದು ಕ್ಷಮೆ ಕೇಳಿದರೂ ಕರಗಲಿಲ್ಲ. ಕ್ಷೌರಕ್ಕೆ ಬೇರೆ ಅಂಗಡಿ ಹಿಡಿದ. ಅಲ್ಲಿ ಕತ್ತರಿಸಿದ್ದು ಇಲಿ ಕಡಿದ ಹಾಗಿರುತ್ತಿತ್ತು, ಆದರೂ ಹೋಗುತ್ತಿದ್ದ.

ಹೆಂಡತಿ ಬ್ಯಾಂಡು ಬಿಡಲಿಲ್ಲ. ಬಿಡು ಎಂದು ಅವನೂ ಹೇಳಲಿಲ್ಲ, ಹೇಗೆ ನಡೆದಿದೆ ಎಂದು ಕೇಳಲೂ ಇಲ್ಲ. ಮನೆಯಲ್ಲಿ ಅವಳು ಹೆಡ್‌ಫೋನ್ ಹಾಕಿಕೊಂಡೇ ಅಭ್ಯಾಸ ಮಾಡುತ್ತಿದ್ದಳು. ಅವನು ಬೆನ್ನು ತಿರುಗಿಸಿ ಕೂತು ಬಿಸಿನೀರಿನ ಬೋಗುಣಿಯಲ್ಲಿ ಮಣಿಕಟ್ಟು ಇಳಿಬಿಟ್ಟಿರುತ್ತಿದ್ದ.

ಒಂದು ಸಂಜೆ ಅವಳಿಗೆ ಸಾಕಾಗಿಹೋಯಿತು. ಹೆಡ್‌ಫೋನ್ ಕಿತ್ತು ಬದಿಗಿಟ್ಟು ಹೊಸ ಹಾಡನ್ನು ಜೋರಾಗಿ ನುಡಿಸಿದಳು. ಅವನು ತಿರುಗಲಿಲ್ಲ. ಮುಗಿಯುವವರೆಗೂ ಕೇಳಿ, ನೀರಿನಿಂದ ಕೈ ತೆಗೆದು ಟವೆಲಿನಲ್ಲಿ ಒರೆಸಿಕೊಂಡ.

“ನಡುವೆ ಓಡ್ತಿದೀಯ,” ಎಂದ.

ಅವಳು ಆ ಭಾಗವನ್ನು ಮತ್ತೆ ನುಡಿಸಿದಳು. ಸರಿಯಾಯಿತೋ ಇಲ್ಲವೋ ಅವನು ಹೇಳಲಿಲ್ಲ. ಎದ್ದೂ ಹೋಗಲಿಲ್ಲ.