ಬಾಯೊಳಗಿನ ಅಳಿಯ

ಊರಿನ ಅರ್ಧ ಬಾಯಿಗಳನ್ನು ನಗುವಂತೆ ಮಾಡಿದ್ದ ಅಳಿಯ, ತನ್ನ ಮನೆಯ ಒಂದೇ ಒಂದು ಬಾಯಿಯನ್ನು ಮುಚ್ಚಿಸಿ ಕೂತಿದ್ದ.

ಅವನ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಕಳಿಸಿದ ಅಚ್ಚು ನೋಡಿ ಒಸಡು ಮಾಡಿ, ಒಸಡಿಗೆ ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಡಬ್ಬಿಗೆ ಹಾಕುವಷ್ಟರಲ್ಲಿ, ಆ ಹಲ್ಲಿನ ಯಜಮಾನ ಹೇಗೆ ಮಾತಾಡಬಹುದು ಎಂದು ಊಹಿಸಿ ಆ ದನಿಯಲ್ಲಿ ಎರಡು ಮಾತು ಆಡಿಯೂ ಬಿಡುತ್ತಿದ್ದ. ಅವನಿಗೆ ಆ ಚಟವಿತ್ತು. ದಂತವೈದ್ಯರ ಗೊಗ್ಗರು ದನಿ, ಬ್ಯಾಂಕಿನ ಫೋನಿನಲ್ಲಿ ಒಂದು ಒತ್ತಿ ಎರಡು ಒತ್ತಿ ಎನ್ನುವ ಹುಡುಗಿ, ಅತ್ತೆಯ ಸೀನು, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಮುಚ್ಚಿದ ಬಾಯಿ ಮಾವನದು. ಅದೇನು ಸಾಮಾನ್ಯ ಬಾಯಲ್ಲ. ಮಾವ ಡ್ರೈವಿಂಗ್ ಶಾಲೆಯ ಮೇಷ್ಟ್ರು. ಜೀವನವಿಡೀ ಪಕ್ಕದ ಸೀಟಿನಲ್ಲಿ ಕೂತು ಕಿರುಚಿದವರು. ಮನೆಗೆ ಬಂದರೂ ಸೀಟು ಬಿಟ್ಟಿಳಿಯುತ್ತಿರಲಿಲ್ಲ. ಊಟಕ್ಕೆ ಕೂತರೆ "ಉಪ್ಪು ಬರ್ಲಿ, ಇಂಡಿಕೇಟರ್ ಹಾಕ್ಕೊಂಡು ಬರ್ಲಿ!" ಅತ್ತೆ ರೇಗಿದರೆ "ಗೇರ್ ಇಳಿಸೇ, ಮುಂದೆ ಹಂಪ್ ಇದೆ!" ಕೆಳಗಿನ ಮನೆಯಲ್ಲಿ ಅವರು ಆಡಿದ ಮಾತು ಮೆಟ್ಟಿಲೇರಿ ಮೇಲಿನ ಮನೆಯಲ್ಲಿದ್ದ ಮಗಳು-ಅಳಿಯನನ್ನು ಎಬ್ಬಿಸುತ್ತಿತ್ತು. ಅಳಿಯನಿಗೆ ಅವರಿಟ್ಟ ಹೆಸರು ಹಲ್ಲಪ್ಪ. ಅವನಿಗೆ ಕಾರು ಕಲಿಸುವಾಗಂತೂ ಬೀದಿಯ ನಾಯಿಗಳಿಗೂ ಕ್ಲಚ್ಚಿನ ಬಗ್ಗೆ ಅರಿವು ಮೂಡಿತ್ತು.

ಒಂದು ಸಂಜೆ ಅಳಿಯ ಹೆಂಡತಿಯನ್ನು ನಗಿಸೋಣವೆಂದು ಮಾವನ ದನಿ ಅನುಕರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ: "ಹಲ್ಲಪ್ಪಾ, ಕ್ಲಚ್ಚೂ... ಕ್ಲಚ್ಚೂ ಅಂದ್ರೆ ಕಾಲಲ್ಲಿ ತುಳಿಯೋದು ಕಣಪ್ಪಾ, ಕಣ್ಣಲ್ಲಲ್ಲ! ಅಯ್ಯೋ ನನ್ನ ಗೇರ್‌ಬಾಕ್ಸೇ, ನನ್ನ ಹೊಟ್ಟೇಲಿ ಹುಟ್ಟಿದ ಗೇರ್‌ಬಾಕ್ಸೇ!" ಕೊನೆಗೆ ಮಾವನ ಮೂಗು ಏರಿಸುವ ಶಬ್ದ ಕೂಡ. ಹೆಂಡತಿಗೆ ಹೋಗಬೇಕಾದದ್ದು ಹೋದದ್ದು ಮನೆಮಂದಿಯ ವಾಟ್ಸಾಪ್ ಗುಂಪಿಗೆ. ಅಲ್ಲಿ ಮಾವನ ಅಣ್ಣ, ತಂಗಿ, ಅತ್ತೆಯ ಕಡೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಮಾವ ಒಂದು ಸಲ ಕೇಳಿದರು. ಇನ್ನೊಂದು ಸಲ ಕೇಳಿದರು. ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು.

ಬೈದಿದ್ದರೆ ಬದುಕಿಕೊಳ್ಳಬಹುದಿತ್ತು. ಬೈಯಲಿಲ್ಲ. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡರು. ಬೀಗರ ಮನೆಯಲ್ಲಿ ಬೀಗಕ್ಕೆ ಬರವೇ? ಉಪ್ಪು ಬೇಕಾದರೆ ಬೆರಳು ತೋರಿಸುವುದು. ಬೇಡವಾದರೆ ತಲೆ ಅಲ್ಲಾಡಿಸುವುದು. ಮಾತು ತುಟಿಯವರೆಗೆ ಬರುತ್ತಿತ್ತು, "ಕ್ಲ..." ಅಂತ ಇಣುಕಿ ವಾಪಸ್ಸು ಒಳಗೆ ಹೋಗುತ್ತಿತ್ತು.

"ಮಾವಂಗೆ ನನ್ಮೇಲೆ ತುಂಬ ಸಿಟ್ಟಾ ಅತ್ತೆ?" ಬಟ್ಟೆ ಒಣಗಿಸುತ್ತಿದ್ದ ಅತ್ತೆಯ ಕೈಗೆ ಕ್ಲಿಪ್ಪು ಕೊಡುತ್ತ ಅಳಿಯ ಕೇಳಿದ.

"ಸಿಟ್ಟಾಗಿದ್ರೆ ನಾನು ಬಿಡ್ತಿದ್ನಾ? ನಾಚಿಕೆ ಕಣಪ್ಪಾ. ಇಷ್ಟು ವರ್ಷ ಹೀಗಾ ಮಾತಾಡ್ತಿದ್ದೆ ನಾನು ಅಂತ ಕೇಳಿದ್ರು. 'ಬಾಯಿ ತೆಗೆದ್ರೆ ಒಳಗೆ ಅವನು ಕೂತಿರ್ತಾನೆ ಕಣೇ, ನನಗಿಂತ ಮುಂಚೆ ಅವನೇ ಮಾತಾಡ್ಬಿಡ್ತಾನೆ' ಅಂದ್ರು. ಅದೇ ಕೊನೆ."

ಅಳಿಯನ ಕೈಯಲ್ಲಿದ್ದ ಕ್ಲಿಪ್ಪು ಅವನ ಬೆರಳನ್ನೇ ಕಚ್ಚಿತು. ಒಬ್ಬ ಮನುಷ್ಯನ ದನಿಯನ್ನು ಕದ್ದ ಮೇಲೆ ವಾಪಸು ಕೊಡುವುದು ಹೇಗೆ? ಕ್ಷಮೆ ಕೇಳಲು ಕನ್ನಡಿ ಮುಂದೆ ತಾಲೀಮು ಮಾಡಿದ. ಒಂದು ಸಲ ದಂತವೈದ್ಯರ ದನಿಯಲ್ಲಿ ಬಂತು, ಒಂದು ಸಲ ಬ್ಯಾಂಕಿನ ಹುಡುಗಿಯ ದನಿಯಲ್ಲಿ. ಸ್ವಂತ ದನಿ ಎಲ್ಲಿಟ್ಟಿದ್ದೇನೆಂದು ಅವನಿಗೇ ನೆನಪಿರಲಿಲ್ಲ.

ಅಷ್ಟರಲ್ಲಿ ಕ್ರಿಸ್ಮಸ್ ಹತ್ತಿರ ಬಂತು. ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳ ಪೆಟ್ಟಿಗೆಯನ್ನು ಅಳಿಯ ಅಟ್ಟದಿಂದ ಇಳಿಸುತ್ತಿದ್ದ. ಏಣಿ ಹಿಡಿದು ಕೆಳಗೆ ನಿಂತಿದ್ದ ಮಾವನಿಗೆ ಪೆಟ್ಟಿಗೆಯ ತಳ ಬಾಯಿ ಬಿಡುತ್ತಿರುವುದು ಕಾಣಿಸಿತು. ಹಿಂದಿನ ಮಾವನಾಗಿದ್ದರೆ "ಬ್ರೇಕ್!" ಎಂದು ಕೂಗಿದ ಕೂಗಿಗೆ ಮೂರು ಬೀದಿಯ ಗಾಡಿಗಳು ನಿಲ್ಲುತ್ತಿದ್ದವು. ಈಗ ಸುಮ್ಮನೆ ಕೈ ಎತ್ತಿದರು. ಏಣಿಯ ಮೇಲಿದ್ದವನಿಗೆ ಕೆಳಗಿನ ಕೈ ಕಾಣಲಿಲ್ಲ. ಗುಂಡುಗಳೆಲ್ಲ ನೆಲಕ್ಕೆ ಬಿದ್ದು ಪುಡಿಪುಡಿಯಾದವು.

ಪೊರಕೆ ತರಲು ಅತ್ತೆ ಒಳಗೆ ಹೋದರು. ಮಾವ ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ನಿಂತರು. ಅಳಿಯನಿಗೆ ಆ ನೋಟ ತಡೆಯಲಾಗಲಿಲ್ಲ.

"ನಾನ್ ಮಾಡ್ಕೊಡ್ತೀನಿ! ರೆಸಿನ್ ಬಿಲ್ಲೆಗಳು, ಹೊಯ್ದ್ರೆ ಗಾಜಿನ ಥರ ಗಟ್ಟಿಯಾಗುತ್ತಲ್ಲ, ಅದ್ರಲ್ಲಿ. ಏನಂದ್ರೆ, ಒಂಥರಾ, ಒಳಗಡೆ ನಮ್ಮೆಲ್ಲರ ಫೋಟೋ ಇರುತ್ತೆ. ಗಾಜಿಗಿಂತ ಚೆನ್ನಾಗಿರುತ್ತೆ, ಬಿದ್ರೂ ಒಡೆಯಲ್ಲ."

"ನಿಂಗೆ ಬರುತ್ತಾ?" ಅಂದಳು ಹೆಂಡತಿ.

"ದಿನಾ ಅಚ್ಚು ಹೊಯ್ಯೋನಿಗೆ ಇದೊಂದು ಕೆಲಸವೇನೇ?"

ಮಾವನ ಬಿಲ್ಲೆಯೇ ಎಲ್ಲಕ್ಕಿಂತ ಚೆಂದ ಬರಬೇಕು, ಅದನ್ನು ಅವರ ಕೈಗಿಟ್ಟು ಆಗ ಕ್ಷಮೆ ಕೇಳಲು ಬಾಯಿ ಬಿಡಬೇಕು ಎಂದು ಅವನ ಲೆಕ್ಕಾಚಾರ. ಮಾವನ ಫೋಟೋ ಹುಡುಕಿ ಹುಡುಕಿ ಆರಿಸಿದ. ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಯಾರಿಗೋ ಪಾಠ ಹೇಳುತ್ತಿರುವ ಮುಖ, ಮೀಸೆಯಡಿ ಗುಹೆಯಂತೆ ತೆರೆದ ಬಾಯಿ. ಮಾವ ಅಂದರೆ ಅದೇ.

ಜೆರಾಕ್ಸ್ ಅಂಗಡಿಯಲ್ಲಿ ಅವನು ತಾಕೀತು ಮಾಡಿದ: "ಎರಡೂ ಕಡೆ ಪ್ರಿಂಟ್ ಹಾಕಿ. ಬಿಲ್ಲೆ ಮರದ ಮೇಲೆ ತಿರುಗುತ್ತೆ, ಬಿಳಿ ಬೆನ್ನು ಕಾಣಬಾರ್ದು. ಏನಂದ್ರೆ, ಮುಂದೆ ಈಗಿನ ಮುಖ, ಹಿಂದೆ ಅವರವರ ಚಿಕ್ಕ ವಯಸ್ಸಿನ ಫೋಟೋ."

"ಅಂದ್ರೆ ಹಿಂದೆ ಹಿಂದಿನದು," ಅಂದ ಅಂಗಡಿಯವನು.

"ಭೇಷ್! ನೀವೂ ನಮ್ಮೋರೇ."

ಹಾಳೆಯ ಮುಂಬದಿಯ ಸಾಲಿನಲ್ಲಿ ಮಾವ, ಅತ್ತೆ, ಹೆಂಡತಿ, ಅಳಿಯ. ಹಿಂಬದಿಯ ಸಾಲಿನಲ್ಲೂ ಅದೇ ಕ್ರಮ. ಹಾಳೆ ಮಗುಚಿದರೆ ಎಡದ್ದು ಬಲಕ್ಕೆ ಹೋಗುತ್ತದೆಂಬುದು ಈ ಇಬ್ಬರು ಬುದ್ಧಿವಂತರಿಗೂ ಹೊಳೆಯಲಿಲ್ಲ. ಮನೆಗೆ ಬಂದು ಲೋಟ ಬೋರಲು ಹಾಕಿ ಗುಂಡಗೆ ಗೀರಿ ಕತ್ತರಿಸಿದ ಮೇಲೆ ನೋಡಿದರೆ, ಅತ್ತೆಯ ಬೆನ್ನಿಗೆ ಮಗಳ ಬಾಲ್ಯ, ಮಾವನ ಬೆನ್ನಿಗೆ ಅಳಿಯನ ಬಾಲ್ಯ.

"ಹೋಗ್ಲಿ ಬಿಡು," ಅಂದಳು ಹೆಂಡತಿ. "ಯಾರ ಬೆನ್ನಿಗೆ ಯಾರಿದ್ರೇನು, ಎಲ್ಲಾ ಒಂದೇ ಮನೆಯೋರು ತಾನೆ?"

ಕಿಟಕಿ ತೆರೆದು, ಕೈಗವಸು ಹಾಕಿ, ಅಳಿಯ ಅಡುಗೆಮನೆಯ ಕಟ್ಟೆಯ ಮೇಲೆ ಕೆಲಸ ಹೂಡಿದ. ಎರಡು ಬಾಟಲಿಯ ದ್ರವಗಳನ್ನು ಅಳತೆ ನೋಡಿ ಬೆರೆಸಿ, ಗುಳ್ಳೆ ಏಳದಂತೆ ಕಡ್ಡಿಯಿಂದ ಮೆಲ್ಲಗೆ ಕದಡಿದ. ಸಿಲಿಕೋನ್ ಅಚ್ಚುಗಳಲ್ಲಿ ತೆಳ್ಳಗೆ ಒಂದು ಪದರ ಹೊಯ್ದು, ಅದು ಅಂಟಂಟಾದಾಗ ಫೋಟೋ ಮಲಗಿಸಿ, ಮೇಲೊಂದು ಪದರ ಹೊದಿಸಿದ. ಅಂಚಿಗೆ ಚೂರು ಬೆಳ್ಳಿಪುಡಿ. ಎದ್ದ ಒಂದೆರಡು ಗುಳ್ಳೆಗಳ ಮೇಲೆ ಲೈಟರಿನ ಉರಿ ಸವರಿದ. ಕಸುಬುದಾರನ ಕೈ, ಎಲ್ಲೂ ತಪ್ಪಲಿಲ್ಲ. ತಪ್ಪಿದ್ದು ಒಂದೇ ಕಡೆ. ಕಾಗದವನ್ನು ಒಳಗಿಡುವ ಮೊದಲು ಎರಡೂ ಬದಿಗೆ ಅಂಟು ಬಳಿದು ಒಣಗಿಸಬೇಕು, ಇಲ್ಲದಿದ್ದರೆ ಅದು ರೆಸಿನ್ ಕುಡಿದು ಎಣ್ಣೆಗಾಗದದಂತೆ ಪಾರದರ್ಶಕವಾಗುತ್ತದೆ. ಅವನಿಗೆ ಇದು ಗೊತ್ತಿರಲು ದಾರಿಯಿರಲಿಲ್ಲ. ಹಲ್ಲುಸೆಟ್ಟಿನೊಳಗೆ ಯಾರೂ ಕಾಗದ ಇಡಿಸಿಕೊಳ್ಳುವುದಿಲ್ಲ.

ಮರುದಿನ ಮಧ್ಯಾಹ್ನ ಅಚ್ಚು ಬಿಡಿಸಿದ. ಮೊದಲು ಬಂದದ್ದು ಅತ್ತೆಯ ಬಿಲ್ಲೆ. ಕನ್ನಡಕ ಅತ್ತೆಯದು, ಕೆನ್ನೆ ಮಾತ್ರ ಎಳೆಗೂಸಿನದು. ಅಮ್ಮನ ಮುಖದೊಳಗೆ ಮಗಳು ಇಳಿದುಬಿಟ್ಟಿದ್ದಳು.

"ಅಯ್ಯೋ, ನನ್ನ ವಯಸ್ಸೆಲ್ಲ ಇಳಿದುಹೋಯ್ತು!" ಅತ್ತೆ ಬಿಲ್ಲೆಯನ್ನು ಕಿಟಕಿಗೆ ಹಿಡಿದು ಕುಣಿದಾಡಿಬಿಟ್ಟರು.

ಮಾವನ ಬಿಲ್ಲೆಯ ಹಿಂದೆ ಇರುವುದು ಯಾರು ಎಂಬುದು ನೆನಪಾಗಿ, ಅಳಿಯ ಅದರ ಅಚ್ಚನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಬಿಡಿಸಿದ. ಬೆರಳು ಸರಿಸಿ ಇಣುಕಿದ. ಮಾವನ ಮುಖ, ಮೀಸೆ, ಗುಹೆಯಂಥ ಬಾಯಿ ಎಲ್ಲ ಸರಿಯಾಗಿತ್ತು. ಆದರೆ ಶಾಲೆಯ ಬಿಳಿ ಗೋಡೆಗೆ ಒರಗಿ ನಿಂತು ತೆಗೆಸಿಕೊಂಡ ಅವನ ಹಳೆಯ ಫೋಟೋ ಹಿಂದಿನಿಂದ ಮೂಡಿತ್ತು. ಪುಟ್ಟ ತಲೆ ನೇರ ಮಾವನ ಬಾಯೊಳಗೆ. ಮುಂದಿನ ಹಲ್ಲೆರಡೂ ಬಿದ್ದು, ಇದ್ದ ಹಲ್ಲುಗಳನ್ನೆಲ್ಲ ಕಿರಿದು, ನಾಲಿಗೆಯ ಜಾಗದಲ್ಲಿ ಅವನೇ ಕೂತಿದ್ದ.

ಹೆಂಡತಿ ನೋಡಿದವಳೇ ಬಾಯಿಗೆ ಸೆರಗು ತುರುಕಿಕೊಂಡು ನೆಲಕ್ಕೆ ಕೂತಳು.

"ನಗಬೇಡ ಕಣೇ! ನಿಮ್ಮಪ್ಪ ನೋಡಿದ್ರೆ ಇನ್ನು ಜನ್ಮದಲ್ಲಿ ಬಾಯಿ ತೆಗೆಯಲ್ಲ. ಏನಂದ್ರೆ, ಇದನ್ನ ಒಂಥರಾ..."

ಒಂಥರಾ ಏನು ಮಾಡಬೇಕೆಂದು ತೋಚುವ ಮೊದಲೇ ಬಾಗಿಲಲ್ಲಿ ಮಾವ ನಿಂತಿದ್ದರು. ಕೈ ಚಾಚಿದರು. ಅಳಿಯ ಕೈಯನ್ನು ಬೆನ್ನ ಹಿಂದೆ ಒಯ್ದ. ಮಾವ ಇನ್ನೂ ಉದ್ದಕ್ಕೆ ಚಾಚಿದರು. ಕೊಡದೆ ವಿಧಿಯಿರಲಿಲ್ಲ.

ಮಾವ ಕನ್ನಡಕ ಏರಿಸಿ ಕಿಟಕಿಯ ಬಳಿ ಹೋದರು. ಬಿಲ್ಲೆಯನ್ನು ಬೆಳಕಿಗೆ ಹಿಡಿದರು. ದೂರ ಹಿಡಿದರು, ಹತ್ತಿರ ತಂದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು.

"ಮಾವ," ಅಂದ ಅಳಿಯ. ದನಿ ತೆಳ್ಳಗಿತ್ತು, ಯಾರದ್ದೂ ಆಗಿರಲಿಲ್ಲ. "ಬೇಕೂಂತ ಮಾಡಿದ್ದಲ್ಲ. ಅವತ್ತೂ ಅಷ್ಟೇ, ನಿಮ್ಮನ್ನ ಆಡ್ಕೊಳ್ಳೋಕೆ ಮಾಡಿದ್ದಲ್ಲ. ನಿಮ್ಮ ಮಾತು ನಂಗೆ ಇಷ್ಟ ಮಾವ. ಬೆಳಿಗ್ಗೆ ಕೆಳಗಿಂದ ನಿಮ್ಮ ದನಿ ಬರದೇ ಇದ್ರೆ ಎದ್ದ ಹಾಗೇ ಆಗಲ್ಲ. ತಪ್ಪಾಯ್ತು. ನಿಮ್ಮ ದನಿ ವಾಪಸ್ ತಗೊಳ್ಳಿ."

ಮಾವನ ಬೆನ್ನು ಅಲುಗಿತು. ಭುಜ ಅಲುಗಿತು. ಅಳುತ್ತಿದ್ದಾರೆಂದು ಅತ್ತೆ ಗಾಬರಿಯಿಂದ ಹತ್ತಿರ ಹೋದರು. ಮಾವ ತಿರುಗಿದರು. ಕಣ್ಣಲ್ಲಿ ನೀರೇನೋ ಇತ್ತು, ಆದರೆ ಅದು ನಗು ತಡೆದು ತಡೆದು ಬಂದ ನೀರು.

"ಹೇಳಿರ್ಲಿಲ್ವೇನೇ ನಿಂಗೆ?" ಬಿಲ್ಲೆಯನ್ನು ಅತ್ತೆಯ ಮೂಗಿಗೆ ಹಿಡಿದು ಮಾವ ಗುಡುಗಿದರು. "ಬಾಯಿ ತೆಗೆದ್ರೆ ಒಳಗೆ ಇವನೇ ಕೂತಿರ್ತಾನೆ ಅಂತ! ನೋಡು, ಸಾಕ್ಷಿ ಸಮೇತ ಸಿಕ್ಕಿಬಿದ್ದ! ಅದೂ ಹಲ್ಲಿಲ್ಲದೆ! ಊರಿಗೆಲ್ಲ ಹಲ್ಲು ಕಟ್ಟೋ ಹಲ್ಲಪ್ಪಂಗೆ ಮುಂದಿನೆರಡು ನಾಪತ್ತೆ!"

ಆ ಗುಡುಗು ಕಿಟಕಿ ದಾಟಿ ಬೀದಿಗೆ ಹೋಯಿತು. ಎಲ್ಲೋ ಒಂದು ನಾಯಿ ಪರಿಚಯದವರಂತೆ ಬೊಗಳಿತು.

ಆಮೇಲೆ ಬಿಲ್ಲೆಗಳಿಗೆ ಸಣ್ಣ ತೂತು ಕೊರೆದು, ಹಲ್ಲುಸೆಟ್ಟಿಗೆ ಹೊಳಪು ಕೊಡುವ ಬಟ್ಟೆಯಿಂದಲೇ ಉಜ್ಜಿ, ದಾರ ಪೋಣಿಸಿ ಮರದ ಬಳಿ ತಂದರು. ಮರ ಸಿಂಗರಿಸುವುದು ಹೋಗಿ ಡ್ರೈವಿಂಗ್ ಪಾಠವಾಯಿತು. "ಎಡಕ್ಕೆ, ಎಡಕ್ಕೆ ಕಣಪ್ಪಾ, ನಿನ್ನ ಎಡ ಅಲ್ಲ, ಮರದ ಎಡ! ಕೊಂಬೆಗೆ ಸೈಡ್ ಕೊಡು! ಕ್ಲಚ್ಚೂ... ದಾರ ಒಂದೇ ಸಲ ಬಿಡ್ಬೇಡ, ಮೆಲ್ಲಗೆ ಬಿಡ್ತಾ ಬಾ!" ಮಾವನ ಬಿಲ್ಲೆಯನ್ನು ಎಲ್ಲಕ್ಕಿಂತ ಎತ್ತರದಲ್ಲಿ, ಬಾಗಿಲಿಗೆ ಎದುರಾಗಿ ತೂಗುಹಾಕಬೇಕೆಂದು ಮಾವನದೇ ಅಪ್ಪಣೆ.

"ಮಾವ, ಏನಂದ್ರೆ, ಒಂಥರಾ, ಅದು ಅಲ್ಲಿ ಬೇಡ. ಬಂದೋರೆಲ್ಲ..."

"ಏನಂದ್ರೆ, ಒಂಥರಾ," ಅಂದರು ಮಾವ.

ದನಿ ಅಳಿಯನದು. ತಡವರಿಕೆ ಅಳಿಯನದು. 'ಒಂಥರಾ' ಅನ್ನುವಾಗ ಎಡ ಭುಜ ಕುಣಿಸುವುದೂ ಅಳಿಯನದೇ. ಮಾವ ಅಲ್ಲಿಗೇ ಬಿಡಲಿಲ್ಲ: "ಅತ್ತೇ, ಏನಂದ್ರೆ, ಒಂಥರಾ, ಒಂದು ಲೋಟ ಕಾಫಿ ಸಿಗಬಹುದಾ ಅಂತ..."

"ತರ್ತೀನಿ ಕಣಪ್ಪಾ, ಈಗ ತಾನೆ ಕುಡಿದ್ಯಲ್ಲ!" ಅಡುಗೆಮನೆಗೆ ಹೋಗಿದ್ದ ಅತ್ತೆ ಅಲ್ಲಿಂದಲೇ ಅಳಿಯನಿಗೆ ಉತ್ತರ ಕೊಟ್ಟರು.

ಹೆಂಡತಿ ಮರ ಹಿಡಿದುಕೊಂಡು ನಕ್ಕಳು, ಬಿಲ್ಲೆಗಳೆಲ್ಲ ಜೊತೆಗೆ ಕುಲುಕಿದವು.

"ನಾನು... ನಾನು ಹಾಗಾ ಮಾತಾಡೋದು?"

"ಹಾಗೇ!" ಅಂದಳು ಹೆಂಡತಿ.

"ಮೊದಲಿಂದ್ಲೂ?"

"ಮದುವೆ ಮಾತುಕತೆಗೆ ಬಂದ ದಿನದಿಂದ್ಲೂ ನಿನ್ನ ಮಾತು ಕಲೀತಿದೀನಿ," ಅಂದರು ಮಾವ. "ಆಡಿ ತೋರಿಸೋಕೆ ಸಂಕೋಚ ಆಗ್ತಿತ್ತು ಅಷ್ಟೇ."

ಅಳಿಯನಿಗೆ ಏನೋ ಹೇಳಬೇಕೆನಿಸಿತು. ತುಟಿ ಬಿಚ್ಚಿದ. 'ಏನಂದ್ರೆ' ಎಂಬುದು ನಾಲಿಗೆಯ ತುದಿಗೆ ಬಂದು, ತನ್ನನ್ನು ತಾನೇ ಕೇಳಿಸಿಕೊಂಡು, ನಾಚಿ ಒಳಗೆ ಓಡಿತು. ಅವನು ಬಾಯಿ ಮುಚ್ಚಿಕೊಂಡ. ಕಿವಿ ಕೆಂಪಾಗಿತ್ತು. ಮರದ ಮೇಲೆ ಬಿಲ್ಲೆ ಮೆಲ್ಲಗೆ ತಿರುಗಿ, ಮೀಸೆಯಡಿಯಿಂದ ಹಲ್ಲಿಲ್ಲದ ಹುಡುಗ ಅವನನ್ನೇ ನೋಡಿ ಕಿಸಿದ.

ಮಾವ ಹತ್ತಿರ ಬಂದು ಅಳಿಯನ ಗಲ್ಲ ಹಿಡಿದು ಮೇಲೆತ್ತಿದರು.

"ತೆಗಿ ಹಲ್ಲಪ್ಪಾ, ಬಾಯಿ ತೆಗಿ. ಒಳಗೆ ಯಾರು ಕೂತಿದಾರೆ, ನೋಡೇಬಿಡೋಣ."