ಹಬೆಯ ಚಕ್ರದ ನೋಣಯ್ಯ

ಬಂಟ್ವಾಳದ ಹೊಳೆಬದಿಯ ಅಕ್ಕಿ ಮಿಲ್ಲಿನಲ್ಲಿ ಹಬೆಯ ವಾಲ್ವು ತೆರೆಯುತ್ತಿದ್ದ ನೋಣಯ್ಯನಷ್ಟು ನಿಧಾನಿಯನ್ನು ಆ ಪೇಟೆ ಕಂಡಿರಲಿಲ್ಲ. ಎಣ್ಣೆಯ ಕಲೆಗಳಲ್ಲಿ ಮೂಲವರ್ಣವನ್ನೇ ಕಳೆದುಕೊಂಡ ಖಾಕಿ ಕೋಟು ತೊಟ್ಟು, ಏನನ್ನೋ ಹುಡುಕುವವನಂತೆ ಮುಂದಕ್ಕೆ ಬಾಗಿ ಬಂದು, ಬಾಯ್ಲರಿನಿಂದ ಹೊರಟ ದಪ್ಪ ಪೈಪಿನ ಮೇಲಿನ ಕಬ್ಬಿಣದ ಚಕ್ರವನ್ನು ಎರಡೂ ಕೈಗಳಿಂದ ಹಿಡಿಯುತ್ತಿದ್ದ. ಕೂದಲೆಳೆಯಷ್ಟು ತಿರುಗಿಸಿ, ಕಿವಿಗೊಟ್ಟು ನಿಲ್ಲುತ್ತಿದ್ದ. ಪೈಪಿನಡಿಯ ಸಣ್ಣ ನಲ್ಲಿಯಿಂದ ನೀರೆಲ್ಲ ಸೋರಿ, ಒಣ ಹಬೆ ಸುಯ್ಯೆಂದ ಮೇಲಷ್ಟೇ ಇನ್ನೊಂದು ಸುತ್ತು. ಅತ್ತ ನೆನೆದ ಭತ್ತ ಬೇಯಲು ಕಾದಿರುತ್ತಿತ್ತು, ಕೆಲಸದವರು ಗೊಣಗುತ್ತಿದ್ದರು.

"ಅವಸರ ಇದ್ದವರು ಹೊಳೆ ಬದಿಗೆ ಹೋಗಿ ಬನ್ನಿ ಮಾರಾಯ್ರೆ," ಎನ್ನುತ್ತಿದ್ದ, ತಲೆಯೆತ್ತದೆ.

ಚಕ್ರ ತಿರುಗಿದಂತೆ ಒಳಗಿನ ಹಿತ್ತಾಳೆಯ ಬಿಲ್ಲೆ ತನ್ನ ಪೀಠದಿಂದ ಮೇಲೇಳುತ್ತದೆ. ಎದ್ದಷ್ಟೇ ಎಡೆಯಲ್ಲಿ ಹಬೆ ನುಸುಳುತ್ತದೆ. ರಾತ್ರಿಯೆಲ್ಲ ತಣ್ಣಗಿದ್ದ ಪೈಪಿನಲ್ಲಿ ನೀರು ನಿಂತಿರುತ್ತದೆ. ಒಮ್ಮೆಲೇ ತೆರೆದರೆ ಹಬೆ ಆ ನೀರನ್ನು ಹೊತ್ತೋಡಿ, ತಿರುವಿನಲ್ಲಿ ಸುತ್ತಿಗೆಯಂತೆ ಬಡಿಯುತ್ತದೆ. ಇದನ್ನು ಆತ ಬೇರೊಬ್ಬರ ಕೈಯ ಮೇಲೆ ಕಲಿತಿದ್ದ.

ಮೊದಲು ಆತ ಹೀಗಿರಲಿಲ್ಲ. ಒಂದೇ ಉಸಿರಿಗೆ ಚಕ್ರವನ್ನು ಪೂರ್ತಿ ತಿರುಗಿಸುವ ಶೂರನೆಂದು ಧಣಿಗಳಿಂದ ಹೊಗಳಿಸಿಕೊಂಡಿದ್ದ. ಐವತ್ತೆಂಟನೆಯ ಇಸವಿಯ ಒಂದು ಬೆಳಗ್ಗೆ ಲಾರಿ ಬಾಗಿಲಲ್ಲಿ ನಿಂತಿತ್ತು, ಧಣಿಗಳು ಕೂಗಿದರು, ನೋಣಯ್ಯ ತಿರುಗಿಸಿದ. ಪೈಪಿನ ತಿರುವು ಒಡೆಯಿತು. ಅದರ ಪಕ್ಕದಲ್ಲಿ ಭತ್ತ ಎಳೆಯುತ್ತಿದ್ದ ಶಿರ್ತಾಡಿಯ ಸರಸಳ ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಪೈಪು ಹಳತಾಗಿತ್ತು, ತುಕ್ಕು ಹಿಡಿದಿತ್ತು ಎಂದು ತನಿಖೆಗೆ ಬಂದವರು ಬರೆದುಕೊಂಡು ಹೋದರು. ನೋಣಯ್ಯ ಹೌದೆಂದ. ಮರುದಿನದಿಂದ ಆತನ ಕೈ ನಿಧಾನವಾಯಿತು. ಬಾಯಿ ಮಾತ್ರ ಮುಚ್ಚಿಯೇ ಇತ್ತು.

ಎಂಟು ವರ್ಷಗಳ ಬಳಿಕ ಮೂಡಬಿದಿರೆಯ ಮಿಲ್ಲೊಂದರಿಂದ ಸಂಕಪ್ಪನೆಂಬ ನಡುವಯಸ್ಸಿನ ಕೆಲಸಗಾರ ಬಂದು ಸೇರಿದ. ಕೆಲಸ ತೋರಿಸುವಾಗ ಆತ ಕೇಳಿದ: "ಇಲ್ಲಿ ಯಾವಾಗಾದರೂ ಒಡೆದದ್ದುಂಟಾ?"

"ಒಮ್ಮೆ. ಪೈಪು ಹಳತಾಗಿತ್ತು," ಎಂದ ನೋಣಯ್ಯ. ಆ ಸುಳ್ಳು ಅದೆಷ್ಟು ಸಲೀಸಾಗಿ ಬಂತೆಂದರೆ ಆತನಿಗೇ ಭಯವಾಯಿತು. ಆ ಭಾನುವಾರವೇ ಶಿರ್ತಾಡಿಯ ಬಸ್ಸು ಹತ್ತಿದ.

ಸರಸ ಜಗಲಿಯಲ್ಲಿ ಕುಳಿತು ಎಡಗೈಯಿಂದ ಬೀಡಿಯೆಲೆ ಕತ್ತರಿಸುತ್ತಿದ್ದಳು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿದ್ದವು; ಸುತ್ತುವ ಕೆಲಸ ಅತ್ತಿಗೆಯದು. ಕುಡಿಯಲು ಕೊಟ್ಟ ನೀರನ್ನು ಮುಟ್ಟದೆ ನೋಣಯ್ಯ ಹೇಳಿದ: "ಅದು ತುಕ್ಕಿನಿಂದ ಆದದ್ದಲ್ಲ ಸರಸಾ. ನಾನು ಒಮ್ಮೆಲೇ ತಿರುಗಿಸಿದ್ದು."

"ಗೊತ್ತುಂಟು," ಎಂದಳು ಆಕೆ. "ನಾನು ನಿಮ್ಮನ್ನೇ ನೋಡ್ತಾ ಇದ್ದೆ ಆಗ."

"ಮತ್ತೆ ಯಾರ ಹತ್ತಿರವೂ ಹೇಳಲಿಲ್ಲ ಯಾಕೆ?"

"ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ನನ್ನ ಕೈ ಬರ್ತಿತ್ತಾ?" ಕತ್ತರಿಯನ್ನು ಕೆಳಗಿಟ್ಟಳು. "ಮೂರು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದೆ ನೋಣಯ್ಯಣ್ಣ. ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಬಾಗಿಲು ನೋಡ್ತಿದ್ದೆ. ಒಂದು ದಿನ ಬಂದು ಕೂತು ಹೋಗಬಹುದಿತ್ತು."

ನೋಣಯ್ಯ ಸಂಜೆಯ ಬಸ್ಸಿನವರೆಗೆ ಆಕೆಯ ಪಕ್ಕದಲ್ಲಿ ಕುಳಿತು, ಕತ್ತರಿಸಿದ ಎಲೆಗಳನ್ನು ಜೋಡಿಸಿಕೊಟ್ಟ. ಆಕೆ ಬೇಡವೆನ್ನಲಿಲ್ಲ, ಇನ್ನೊಮ್ಮೆ ಬನ್ನಿ ಎಂದೂ ಅನ್ನಲಿಲ್ಲ.

ಪಶ್ಚಾತ್ತಾಪವನ್ನು ದುಡಿಮೆಯ ಶಿಸ್ತಾಗಿ ಮಾಡಿಕೊಂಡು ಬದುಕುವ ಜನರುಂಟು. ಅವರ ಕೈಯಲ್ಲಿ ಆಮೇಲೆ ಯಾವ ಅನಾಹುತವೂ ಆಗುವುದಿಲ್ಲ. ಊರು ಅವರನ್ನು ಜಾಗರೂಕರೆಂದು ಮೆಚ್ಚುತ್ತದೆ. ಆದರೆ ತಮ್ಮಿಂದ ನೊಂದವರ ಮನೆಗೆ ಹೋಗುವ ದಾರಿಯೊಂದೇ ಅವರಿಗೆ ಬೇರೆಲ್ಲ ದಾರಿಗಳಿಗಿಂತ ದೂರವಾಗಿ ಕಾಣುತ್ತದೆ. ಹೋಗಿ ಮುಟ್ಟುವ ಹೊತ್ತಿಗೆ, ಅಲ್ಲಿ ಕಾಯುತ್ತಿದ್ದವರು ಕಾಯುವುದನ್ನು ಬಿಟ್ಟು ಬಹಳ ಕಾಲವಾಗಿರುತ್ತದೆ.