ದಂಡೆಯ ಮಣ್ಣು

ರಿಫೈನರಿಗೆ ಐವತ್ತು ತುಂಬಿದಾಗ ಸಿಬ್ಬಂದಿಯ ಮನೆಯವರಿಗೆಲ್ಲ ಗೇಟು ತೆರೆದರು. ಅಲ್ಲಿ ಪಂಪ್ ಆಪರೇಟರ್ ಆಗಿದ್ದು ನಿವೃತ್ತನಾದ ನನ್ನಪ್ಪ ಇಂಥ ದಿನ ಬಂದರೆ ನಮ್ಮನ್ನು ತಪ್ಪದೆ ಕರೆದೊಯ್ಯುತ್ತಿದ್ದ. ಅವನ ಅಕ್ಕ, ಅಂದರೆ ನನ್ನ ಅತ್ತೆ, ಒಮ್ಮೆಯೂ ಬಂದವಳಲ್ಲ. ಈ ಸಲ ಬಸ್ಸು ಟ್ಯಾಂಕುಗಳ ಕಡೆಗೂ ಹೋಗುತ್ತದೆ ಎಂದು ಕೇಳಿ ತಾನಾಗಿಯೇ ಹೊರಟು ನಿಂತಳು, ಚೀಲದಲ್ಲಿ ಒಂದು ಖಾಲಿ ತಂಬಿಗೆ ಇಟ್ಟುಕೊಂಡು.

"ಬಾವಿ ನೀರು ತರ್ತೀನಿ. ಸಾಯೋ ಮುಂಚೆ ಒಂದು ಗುಟುಕು ಕುಡೀಬೇಕು," ಅಂದಳು.

ಅಪ್ಪ ಚಪ್ಪಲಿ ಹುಡುಕುವ ನೆಪದಲ್ಲಿ ಹೊರಗೆ ಹೋದ.

ರಿಫೈನರಿ ಬರುವ ಮೊದಲು ಆ ಟ್ಯಾಂಕುಗಳ ಕಡೆಯೇ ನಮ್ಮವರ ಮನೆ, ಹೊಲ, ಬಾವಿ ಇದ್ದವು. ಬಾವಿ ತೋಡಿದ್ದು ತಾತ. ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ದಂಡೆಗೆ ಸುರಿದದ್ದು ಅತ್ತೆ. ಅಪ್ಪ ಆಗ ಆ ಗುಡ್ಡೆಯ ಮೇಲೆ ಜಾರಿ ಆಡುವ ಪೋರ. ತಾತ ಹೋದ ಮೇಲೆ ಕಂಪನಿ ಜಮೀನು ಕೇಳಿತು. ಅತ್ತೆ ಜಪ್ಪಯ್ಯ ಅಂದರೂ ಹೆಬ್ಬೆಟ್ಟು ಒತ್ತಲಿಲ್ಲ. "ಬಾವಿ ಮುಚ್ಚಲ್ವಂತೆ ಅಕ್ಕಾ, ಬೇಲಿ ಹಾಕಿ ಉಳಿಸ್ಕೋತಾರಂತೆ," ಅಂತ ಅಪ್ಪನೇ ಒಪ್ಪಿಸಿದ. ಜಮೀನಿನ ಬದಲಿಗೆ ಮನೆಗೊಂದು ಕೆಲಸ ಬಂತು. ಅದು ಅಪ್ಪನಿಗೆ ಸಿಕ್ಕಿತು, ಆ ಸಂಬಳದಲ್ಲೇ ನಾನು ಓದಿದೆ. ಅತ್ತೆ ಕೇಳಿದಾಗಲೆಲ್ಲ ಅವನು "ಇದೆ ಅಕ್ಕಾ, ನೀರು ಕನ್ನಡಿ ಇದ್ದ ಹಾಗಿದೆ" ಅನ್ನುತ್ತಿದ್ದ. ನಾವೆಲ್ಲ ನಂಬಿದ್ದೆವು.

ಗೇಟಿನಲ್ಲಿ ಬೆಂಕಿಪೊಟ್ಟಣ, ಫೋನು ಎಲ್ಲ ಇಸಿದುಕೊಂಡರು.

"ಬೆಂಕಿ ಹತ್ತೋ ಸಾಮಾನು ಏನಾದ್ರೂ ಇದೆಯಾ ಅಜ್ಜಿ?"

"ನನ್ನ ಬಾಯಿ ಒಂದಿದೆ ನೋಡಪ್ಪ. ಬಿಚ್ಚಿಡ್ಲಾ?"

ಕಾವಲುಗಾರ ನಕ್ಕು ಒಳಗೆ ಬಿಟ್ಟ.

ಬಸ್ಸಿನಲ್ಲಿ ಎಳೆಯ ಎಂಜಿನಿಯರ್ ಒಬ್ಬಳು ಮೈಕು ಹಿಡಿದಿದ್ದಳು. ಮೊದಲ ಹಡಗು ಕಚ್ಚಾ ಎಣ್ಣೆ ತಂದದ್ದು, ಒಂದು ಘಟಕ ಮೂರಾದದ್ದು, ನಡುವೆ ಬೆಂಕಿ ಬಿದ್ದು ಎಲ್ಲ ಹೊಸದಾಗಿ ಕಟ್ಟಿದ್ದು, ಇತಿಹಾಸವನ್ನೆಲ್ಲ ಅರಳು ಹುರಿದಂತೆ ಹೇಳಿದಳು. ಆಮೇಲೆ ಅಪ್ಪನತ್ತ ಕೈ ತೋರಿಸಿದಳು.

"ಅದಕ್ಕೂ ಮುಂಚೆ ಇದು ಬರೀ ಬಂಜರು. ನಾಯಿ ನರಿ ಕೂಡ ಇರ್ಲಿಲ್ವಂತೆ! ನಮಗೆ ಇದನ್ನ ಹೇಳಿದ್ದು ಈ ಸರ್ ಅವರೇ. ಇಲ್ಲಿನ ಮೊದಲ ಕೆಲಸಗಾರರಲ್ಲಿ ಒಬ್ಬರು."

ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಇರುವುದು ಒಂದೇ ಬಾವಿ. ಅದು ಇದೆ ಅಂತ ಅಪ್ಪ ಅಕ್ಕನಿಗೆ ಹೇಳಿದ, ಇರಲೇ ಇಲ್ಲ ಅಂತ ಕಂಪನಿಗೆ ಹೇಳಿದ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅವನ ಮಗಳು ಅಂತ ಯಾರಿಗೂ ಗೊತ್ತಾಗದಿರಲಿ ಎಂದು ಕಿಟಕಿಯ ಕಡೆ ತಿರುಗಿದೆ. ಹಾಗೆ ತಿರುಗಿದ್ದಕ್ಕೂ ನಾಚಿಕೆಯಾಯಿತು.

ಅತ್ತೆ ನಮಗಷ್ಟೇ ಕೇಳುವಂತೆ ಅಂದಳು, "ಹಾಗಾದ್ರೆ ನಾವು ನಾಯಿ ನರಿಗಿಂತ ಕಡೆ ಅನ್ನು."

ಟ್ಯಾಂಕುಗಳ ಬಳಿ ಬಸ್ಸು ನಿಂತಿತು. ಅತ್ತೆ ಇಳಿದು ಬೇಲಿ ಎಲ್ಲಾದರೂ ಇದೆಯೇ ಎಂದು ಸುತ್ತಲೂ ನೋಡಿದಳು.

"ಎಲ್ಲೋ?"

ಅಪ್ಪ ಹತ್ತಿರದ ಬಿಳಿ ಟ್ಯಾಂಕಿನ ಬುಡಕ್ಕೆ ಬೆರಳು ತೋರಿಸಿದ. "ಅದರ ಅಡಿ."

"ಯಾರು ಮುಚ್ಚಿದ್ದು?"

"ನಾನೇ ಅಕ್ಕಾ. ಕೆಲಸಕ್ಕೆ ಸೇರಿದ ದಿನವೇ ಗುದ್ದಲಿ ಕೊಟ್ಟು, ಮುಚ್ಚು ಅಂದ್ರು. ಹೊಸ ಕೆಲಸ... ಆಗಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಅಷ್ಟು ಮಣ್ಣು ಎಲ್ಲಿಂದ ತಂದೆ?"

ಅಪ್ಪ ತಲೆ ಎತ್ತಲಿಲ್ಲ. "ದಂಡೆ ಮೇಲೇ ಇತ್ತಲ್ಲ."

ಅತ್ತೆಯ ಕೈ ತಾನಾಗಿಯೇ ನೆತ್ತಿಗೆ ಹೋಯಿತು, ಬುಟ್ಟಿ ಕೂರುತ್ತಿದ್ದ ಜಾಗಕ್ಕೆ. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ತಿರುಗಿ ಬಸ್ಸು ಹತ್ತಿದಳು.

ಕೊನೆಗೆ ಹಳಬರಿಗೆಲ್ಲ ನೆನಪಿನ ಕಾಣಿಕೆ ಹಂಚಿದರು, ಗಾಜಿನೊಳಗೆ ಕೂರಿಸಿದ ಪುಟ್ಟ ರಿಫೈನರಿ. ಹೊರಡುವಾಗ ಗೇಟಿನಲ್ಲಿ ಮತ್ತೆ ಚೀಲ ನೋಡಿದರು. ಒಳಗಿನ ಸಾಮಾನು ಹೊರಗೆ ಹೋಗುವಂತಿಲ್ಲ.

"ಏನಾದ್ರೂ ತಗೊಂಡು ಹೋಗ್ತಿದ್ದೀರಾ ಅಜ್ಜಿ?"

ಅತ್ತೆ ತಂಬಿಗೆ ತೆಗೆದು ಬೋರಲು ಹಾಕಿ ತೋರಿಸಿದಳು.

"ನೋಡ್ಕೋಪ್ಪ. ನಾವು ನಿಮ್ಮದೇನೂ ತಗೊಂಡಿಲ್ಲ."

ಇದೂ ಅಜ್ಜಿಯ ತಮಾಷೆ ಎಂದುಕೊಂಡು ಕಾವಲುಗಾರ ನಕ್ಕ. ಅಪ್ಪ ಗಾಜಿನ ರಿಫೈನರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡ.